ಗೆರೆ ಎಲ್ಲಿತ್ತು, ಕೈ ಯಾಕಿತ್ತು

2024ರ ಜೂನ್ 11ರ ರಾತ್ರಿ ಪಾಳ್ಯದಲ್ಲಿ ಮಳೆ ಹಿಡಿದಿತ್ತು. ಮುಂಗಾರು ಕಾಲಿಟ್ಟ ಮೇಲೆ ಆಲೂರು, ಸಕಲೇಶಪುರದ ಕಡೆ ಕರೆಂಟನ್ನು ನಂಬಿ ಯಾರೂ ಏನೂ ಮಾಡುವುದಿಲ್ಲ. ನಾನೂ ಅಣ್ಣನ ಮಗನೂ ಜಗಲಿಯ ಮೂಲೆಯಲ್ಲಿ, ಎರಡು ಕಡ್ಡಿ ಸಿಗ್ನಲ್ ಬರುವ ಒಂದೇ ಜಾಗದಲ್ಲಿ, ಮೊಬೈಲನ್ನು ಚೊಂಬಿಗೆ ಒರಗಿಸಿಕೊಂಡು ಕೂತಿದ್ದೆವು. ದೋಹಾದಲ್ಲಿ ಭಾರತಕ್ಕೂ ಕತಾರ್‌ಗೂ ವಿಶ್ವಕಪ್ ಅರ್ಹತಾ ಪಂದ್ಯ. ಐದು ದಿನದ ಹಿಂದಷ್ಟೇ ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ಸುನಿಲ್ ಛೆಟ್ರಿ ದೇಶದ ಅಂಗಿ ಕಳಚಿಟ್ಟಿದ್ದರು. ಅವರಿಲ್ಲದ ಮೊದಲ ಪಂದ್ಯ. ಗೆದ್ದರೆ ಮೂರನೇ ಸುತ್ತು. ಭಾರತ ಅಲ್ಲಿಗೆ ಒಮ್ಮೆಯೂ ಹೋದದ್ದಿಲ್ಲ.

37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದಾಗ ನಾವು ಹಾಕಿದ ಕೂಗಿಗೆ ಒಳಗೆ ಮಲಗಿದ್ದ ಅವ್ವ ಎದ್ದು ಬಂದು, ಯಾರಿಗೆ ಏನಾಯ್ತು ಎಂದು ಕೇಳಿದಳು. ಆಮೇಲೆ ಒಂದು ಗಂಟೆ ಹೊತ್ತು ನಮಗೆ ಏನೂ ಆಗಲಿಲ್ಲ, ಅಂದರೆ ಎಲ್ಲ ಸರಿಯಾಗಿತ್ತು. ಎಪ್ಪತ್ತನೇ ನಿಮಿಷ ದಾಟಿದ ಮೇಲೆ ಚಿತ್ರ ನಿಂತಿತು. ಪರದೆಯ ಮೇಲೆ ಆ ಹಾಳು ಚಕ್ರ ತಿರುಗತೊಡಗಿತು. ತಿರುಗಿ ತಿರುಗಿ ಚಿತ್ರ ಮತ್ತೆ ಬಂದಾಗ 1–1 ಆಗಿತ್ತು, ಭಾರತದ ಆಟಗಾರರೆಲ್ಲ ರೆಫರಿಯ ಸುತ್ತ ನಿಂತಿದ್ದರು. ಹುಡುಗ, "ಚಿಕ್ಕಪ್ಪ, ಬಾಲ್ ಹೊರಗ್ ಹೋಗಿತ್ತಂತೆ" ಅಂದ. ಯಾರೋ ಆಗಲೇ ಅವನ ಮೊಬೈಲಿಗೆ ಚಿತ್ರ ಕಳಿಸಿದ್ದರು.

ಆಮೇಲೆ ಮರುಪ್ರಸಾರದಲ್ಲಿ ನೋಡಿದೆವು, ಎಲ್ಲರೂ ನೋಡಿದರು. 73ನೇ ನಿಮಿಷ, ಕತಾರ್‌ನ ಫ್ರೀ ಕಿಕ್. ಯೂಸುಫ್ ಐಮನ್ ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಗುರ್‌ಪ್ರೀತ್ ನಮ್ಮ ಬೆಂಗಳೂರು ಎಫ್‌ಸಿಯ ಗೋಲಿ, ಆ ರಾತ್ರಿ ದೇಶದ ನಾಯಕ. ಚೆಂಡು ಅವರ ಕೈಯಿಂದ ಜಾರಿ ಗೋಲುಕಂಬದ ಪಕ್ಕದ ಕೊನೆಗೆರೆಯನ್ನು ದಾಟಿ ಹೊರಗೆ ಉರುಳಿತು. ಗುರ್‌ಪ್ರೀತ್ ಆಟ ನಿಂತಿತೆಂದುಕೊಂಡರು. ಕತಾರ್‌ನ ಹಾಶ್ಮಿ ಅಲ್ ಹುಸೇನ್ ಕಾಲಿನಿಂದ ಅದನ್ನು ಒಳಕ್ಕೆ ಎಳೆದರು, ಐಮನ್ ಗೋಲಿಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಕಿಮ್ ವೂ ಸಂಗ್ ಗೋಲು ಅಂದರು. ಆ ಸುತ್ತಿನ ಪಂದ್ಯಗಳಿಗೆ ವಿಎಆರ್ ಇರಲಿಲ್ಲ. 85ನೇ ನಿಮಿಷದಲ್ಲಿ ಇನ್ನೊಂದು ಗೋಲು ಬಿತ್ತು. 2–1. ಅದೇ ರಾತ್ರಿ ಕುವೈತ್ ಅಫ್ಘಾನಿಸ್ತಾನವನ್ನು ಸೋಲಿಸಿ ಏಳು ಅಂಕದೊಂದಿಗೆ ಮುಂದೆ ಹೋಯಿತು, ಭಾರತ ಐದರಲ್ಲಿ ನಿಂತಿತು. ಫೆಡರೇಷನ್ ದೂರು ಕೊಟ್ಟಿತು, ತನಿಖೆ ಕೇಳಿತು. ಫಲಿತಾಂಶ ಬದಲಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಕೆಲಸ ಕಳೆದುಕೊಂಡರು.

ಆ ಪಂದ್ಯ ನಡೆದದ್ದು ಅಲ್ ರಯ್ಯಾನ್‌ನ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ. ಅದೇ ಅಲ್ ರಯ್ಯಾನ್‌ನಲ್ಲಿ ಖಲೀಫಾ ಕ್ರೀಡಾಂಗಣವೂ ಇದೆ. ಹದಿನೆಂಟು ತಿಂಗಳ ಹಿಂದೆ, 2022ರ ಡಿಸೆಂಬರ್ 1ರಂದು, ಅಲ್ಲಿ ಜಪಾನಿಗೂ ಸ್ಪೇನಿಗೂ ವಿಶ್ವಕಪ್ ಪಂದ್ಯ ನಡೆದಿತ್ತು. ಜಪಾನಿನ ಮಿತೋಮಾ ಹೆಚ್ಚುಕಡಿಮೆ ಹೊರಗೇ ಹೋಗಿದ್ದ ಚೆಂಡನ್ನು ಕೊನೆಗೆರೆಯ ಮೇಲಿಂದ ಒಳಕ್ಕೆ ಎಳೆದರು, ತನಾಕಾ ಗೋಲು ಹೊಡೆದರು. ನೆಲದಿಂದ ನೋಡಿದವರಿಗೆ ಚೆಂಡು ಪೂರಾ ಹೊರಗಿತ್ತು. ವಿಎಆರ್ ಕೋಣೆಯವರು ಬೇರೆ ಬೇರೆ ಕ್ಯಾಮೆರಾ ಹಾಕಿ ನೋಡಿ, ಚೆಂಡಿನ ಹೊಟ್ಟೆಯ ಅಂಚು ಗೆರೆಯ ಮೇಲೆ ಇನ್ನೂ ಉಳಿದಿದೆ ಅಂದರು. ಉಳಿದದ್ದು ಎರಡು ಮಿಲಿಮೀಟರಿಗಿಂತ ಕಡಿಮೆ ಎಂದು ಪತ್ರಿಕೆಗಳು ಬರೆದವು. ಆ ಎರಡು ಮಿಲಿಮೀಟರಿನಲ್ಲಿ ಜಪಾನ್ ಗೆದ್ದಿತು, ಬೇರೊಂದು ಕ್ರೀಡಾಂಗಣದಲ್ಲಿ ಕೋಸ್ಟರಿಕಾವನ್ನು 4–2ರಿಂದ ಸೋಲಿಸಿದ್ದ ಜರ್ಮನಿ ಮನೆಗೆ ಹೋಯಿತು.

ಒಂದೇ ಊರು, ಒಂದೇ ಥರದ ಗೆರೆ, ಒಂದೇ ಥರ ಹೊರಗಿನಿಂದ ಎಳೆದ ಚೆಂಡು. ಒಂದು ಕಡೆ ಎರಡು ಮಿಲಿಮೀಟರನ್ನು ಅಳೆಯಲಾಯಿತು. ಇನ್ನೊಂದು ಕಡೆ, ಪಾಳ್ಯದ ಜಗಲಿಯಲ್ಲಿ ಚೊಂಬಿಗೆ ಒರಗಿದ್ದ ಆರಿಂಚಿನ ಪರದೆಯಲ್ಲೂ ಕಾಣುತ್ತಿದ್ದ ಅಂತರವನ್ನು ಅಳೆಯಲು ಯಾರೂ ಇರಲಿಲ್ಲ.

ವೀಡಿಯೋ ರೆಫರಿ ಬೇಕೋ ಬೇಡವೋ ಎನ್ನುವ ಚರ್ಚೆಯನ್ನು ನಾವು ಯೂರೋಪಿನವರ ಮಾತಿನಲ್ಲೇ ನಡೆಸುತ್ತೇವೆ. ಅವರಿಗೆ ಅದು ಅತಿಯಾಗಿದೆ, ಆಟದ ಖುಷಿ ಕೊಂದಿದೆ ಅನ್ನಿಸುತ್ತದೆ. ಅವರ ದೂರನ್ನು ನಾವೂ ಎರವಲು ತಂದು ಬೇಸರ ಪಡುತ್ತೇವೆ. ನಮಗೆ ಅದು ಇಲ್ಲ. ಇಲ್ಲದ್ದರಿಂದ ಆದ ನಷ್ಟ ಒಂದು, ಇದ್ದಲ್ಲಿ ಆಗುತ್ತಿರುವ ಅನರ್ಥ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಏನೂ ತಿಳಿಯುವುದಿಲ್ಲ.

ನಮ್ಮ ಕಡೆ ತೋಟದ ಬೇಲಿ ಜಗಳ ಆಗದ ಮನೆ ಕಡಿಮೆ. ಬೇಲಿ ಒತ್ತುವರಿ ಆಗಿದೆ ಅಂತ ಒಬ್ಬ, ಇಲ್ಲ ಅಂತ ಒಬ್ಬ. ಅರ್ಜಿ ಕೊಟ್ಟರೆ ಸರ್ವೆಯವರು ಬರುತ್ತಾರೆ. ನಕ್ಷೆ ಬಿಚ್ಚಿ, ಚೈನು ಎಳೆದು, ಕಾಫಿ ಗಿಡದ ಬುಡದಲ್ಲಿ ಮುಚ್ಚಿಹೋದ ಬಾಂದುಕಲ್ಲು ಹುಡುಕಿ, ಗಡಿ ಇಲ್ಲಿತ್ತು ಎಂದು ತೋರಿಸುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಬೇಲಿಯನ್ನು ಬೇಕೆಂದೇ ಸರಿಸಿದನೋ, ಮಳೆಗೆ ಬರೆ ಜರಿದು ತಾನಾಗೇ ಸರಿಯಿತೋ, ಅಪ್ಪನ ಕಾಲದಲ್ಲೇ ಹಾಗಿತ್ತೋ, ಇದನ್ನು ಚೈನು ಹೇಳುವುದಿಲ್ಲ. ಅದಕ್ಕೆ ನಾಲ್ಕು ಜನ ಹಿರಿಯರು ಕೂತು ಎರಡೂ ಕಡೆಯ ಮುಖ ನೋಡಿ ಮಾತಾಡಬೇಕು. ಚೈನು ಹಿಡಿದವನನ್ನೇ ಅದನ್ನೂ ಹೇಳು ಅಂತ ಕೂರಿಸಿದರೆ ಜಗಳ ಮುಗಿಯುವುದಿಲ್ಲ.

ಫುಟ್‌ಬಾಲಿನ ತಕರಾರುಗಳೂ ಹೀಗೆಯೇ ಎರಡು ಜಾತಿ. ಚೆಂಡು ಗೆರೆ ದಾಟಿತೇ, ತಪ್ಪು ನಡೆದದ್ದು ಪೆನಾಲ್ಟಿ ಬಾಕ್ಸಿನ ಒಳಗೋ ಹೊರಗೋ, ಆಟಗಾರ ಆಫ್‌ಸೈಡೋ ಅಲ್ಲವೋ, ಇವು 'ಎಲ್ಲಿ' ಎಂಬ ಪ್ರಶ್ನೆಗಳು. ಇವಕ್ಕೆ ಕ್ಯಾಮೆರಾ ಉತ್ತರ ಕೊಡಬಲ್ಲದು. ಕೈಗೆ ಚೆಂಡು ತಾಗಿದ್ದು ತಪ್ಪೇ, ತಳ್ಳಿದ್ದು ಜೋರಾಗಿತ್ತೇ, ಬಿದ್ದವನು ನಿಜವಾಗಿ ಬಿದ್ದನೇ, ಇವು 'ಏನು' ಮತ್ತು 'ಯಾಕೆ' ಎಂಬ ಪ್ರಶ್ನೆಗಳು. ಇಲ್ಲಿ ಕ್ಯಾಮೆರಾ ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು. ವಿಎಆರ್‌ನ ದೊಡ್ಡ ರಗಳೆಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು. ನಮ್ಮ ದೋಹಾದ ಗಾಯ ಮಾತ್ರ ಶುದ್ಧವಾಗಿ ಮೊದಲನೇ ಜಾತಿಯದು.

ಬೆಂಗಳೂರಿನ ಕಂಠೀರವದಲ್ಲಿ ನಡೆದದ್ದು ಎರಡೂ ಅಲ್ಲ. ಆದರೆ ವಿಎಆರ್ ಬೇಕೆಂಬ ಕೂಗು ನಮ್ಮಲ್ಲಿ ಜೋರಾದದ್ದು ಅಲ್ಲಿಂದಲೇ. 2023ರ ಮಾರ್ಚ್ 3, ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿಗೆ ಕೇರಳ ಬ್ಲಾಸ್ಟರ್ಸ್ ಎದುರು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಬಾಕ್ಸಿನ ಹೊರಗೆ ಫ್ರೀ ಕಿಕ್. ಕೇರಳದ ಗೋಲಿ ಪ್ರಭ್‌ಸುಖನ್ ಗಿಲ್ ಮುಂದೆ ಬಂದು ಗೋಡೆ ನಿಲ್ಲಿಸುತ್ತಿದ್ದಂತೆ ಛೆಟ್ರಿ ಮೆಲ್ಲಗೆ ಚೆಂಡನ್ನು ಖಾಲಿ ಗೋಲಿಗೆ ಎತ್ತಿ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನ ಬಿಟ್ಟು ಹೋದರು. ಅವರು ತಿರುಗಿ ಬರಲಿಲ್ಲ. ಪಂದ್ಯ ಬೆಂಗಳೂರಿನದಾಯಿತು. ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಐದು ಲಕ್ಷ ದಂಡ ಮತ್ತು ಹತ್ತು ಪಂದ್ಯದ ನಿಷೇಧ.

ಪಾಳ್ಯದಿಂದ ಸಕಲೇಶಪುರಕ್ಕೆ ಹೋದಾಗ ನಾನು ಟೀ ಕುಡಿಯುವ ಅಂಗಡಿಯ ಕಾಕಾ ಕಣ್ಣೂರಿನ ಕಡೆಯವರು. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮಾರನೆಯ ದಿನ ಟೀ ಲೋಟ ಎಂದಿಗಿಂತ ಸ್ವಲ್ಪ ಜೋರಾಗಿ ಮೇಜಿಗೆ ಬಡಿಯಿತು. "ವಿಎಆರ್ ಇದ್ದಿದ್ರೆ ನಿಮ್ ಛೆಟ್ರಿ ಗೋಲು ನಿಲ್ತಿತ್ತಾ ಸಾರ್?" ಅಂದರು.

ನಿಲ್ಲುತ್ತಿತ್ತು. ಆಗ ವಿಎಆರ್ ನೋಡಬಹುದಾಗಿದ್ದ ವಿಷಯ ನಾಲ್ಕೇ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ತೋರಿಸಿದ್ದು. ಗೋಲನ್ನು ನೋಡಬಹುದು, ಆದರೆ ಅದಕ್ಕೆ ಮೊದಲು ಆಟವನ್ನು ಮತ್ತೆ ಶುರು ಮಾಡಿದ ರೀತಿ ಸರಿಯಿತ್ತೇ, ಸೀಟಿ ಬೇಕಿತ್ತೇ ಎಂಬುದನ್ನು ಅದು ಮುಟ್ಟುವಂತಿಲ್ಲ. ಕಂಠೀರವದ ಜಗಳ ಪೂರ್ತಿ ಅಲ್ಲೇ ಇತ್ತು. ತನಗೆ ಸೀಟಿಯೂ ಬೇಡ ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿಯೇ ಹೊಡೆದೆ ಎನ್ನುವುದು ಛೆಟ್ರಿಯ ಮಾತು. ರೆಫರಿ ಜಾಗ ಗುರುತು ಮಾಡಿ ನಿಂತ ಮೇಲೆ ಸೀಟಿಗೆ ಕಾಯಲೇಬೇಕು ಎನ್ನುವುದು ಕೇರಳದವರ ವಾದ. ಇಬ್ಬರ ನಡುವೆ ಆಡಿದ ಎರಡು ಮಾತಿನ ವಿಷಯ. ಎಷ್ಟು ಕೋನದಿಂದ ಚಿತ್ರ ತೆಗೆದರೂ ಅದು ಚಿತ್ರದಲ್ಲಿ ಸಿಗುವಂಥದ್ದಲ್ಲ. ಕಾಕಾಗೆ ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ.

ಆ ವಾರದ ತಮಾಷೆ ಬೇರೆಯೇ ಇದೆ. ಕಂಠೀರವದಲ್ಲಿ ಒಂದು ತಂಡ ರೆಫರಿಯನ್ನು ನಂಬದೆ ಎದ್ದುಹೋದ ಮಾರನೇ ದಿನ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಅದೇ ಮೊದಲು, ಐವತ್ತನಾಲ್ಕು ವರ್ಷ. ಮೇಘಾಲಯದ ವಿರುದ್ಧ 3–2. ನಮ್ಮ ಹುಡುಗರು ಎರಡನೇ ನಿಮಿಷದಲ್ಲೇ ಗೋಲು ಹೊಡೆದರು, ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು, ಮಧ್ಯಂತರದ ಹೊತ್ತಿಗೆ ನಾವು ಮತ್ತೆ ಮುಂದಿದ್ದೆವು. ಆ ಟೂರ್ನಿಯ ಕೊನೆಯ ಪಂದ್ಯಗಳಿಗೆ ವಿಎಆರ್ ಇತ್ತು. ಭಾರತದ ದೇಶೀ ಫುಟ್‌ಬಾಲಿನಲ್ಲಿ ಮೊದಲ ಸಲ. ಅದು ನಮ್ಮದಲ್ಲ, ಪಂದ್ಯ ನಡೆಸಲು ಜಾಗ ಕೊಟ್ಟ ಸೌದಿಯವರದು. ರಾಜ್ಯ ತಂಡಗಳ ಹುಡುಗರಿಗೆ, ಬ್ಯಾಂಕು ರೈಲ್ವೆ ಕೆಲಸದ ಆಸೆಯಲ್ಲಿ ಆಡುವವರಿಗೆ, ಪರದೇಶದಲ್ಲಿ ಸಿಕ್ಕ ಸವಲತ್ತು ಕೋಟಿಗಟ್ಟಲೆಯ ಲೀಗಿಗೆ ಇಲ್ಲಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರ ಬಾಯಲ್ಲೂ ಛೆಟ್ರಿಯ ಫ್ರೀ ಕಿಕ್ಕೇ. ಐವತ್ತನಾಲ್ಕು ವರ್ಷದ ಮಾತು ನನ್ನ ಸುತ್ತ ಯಾರೂ ಎತ್ತಲಿಲ್ಲ. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

ಎರಡು ವಾರ ಕಳೆದು, ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ಬೆಂಗಳೂರಿಗೆ ಎಟಿಕೆ ಮೋಹನ್ ಬಗಾನ್ ಎದುರಾಳಿ. ನಿಗದಿತ ಸಮಯದಲ್ಲೇ ಮೂರು ಪೆನಾಲ್ಟಿ. ಬಗಾನ್‌ಗೆ ಎರಡು, ಎರಡನ್ನೂ ಪೆಟ್ರಾಟೋಸ್ ಹೊಡೆದರು. ಬೆಂಗಳೂರಿಗೆ ಒಂದು, ಅದು ಛೆಟ್ರಿಯದು. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಗೋಲು ಹೊಡೆದು 2–1 ಆಗಿತ್ತು. 85ನೇ ನಿಮಿಷದಲ್ಲಿ ಬಾಕ್ಸಿನ ಅಂಚಿನಲ್ಲಿ ಪಾಬ್ಲೋ ಪೆರೆಸ್‌ನಿಂದಾಗಿ ಕಿಯಾನ್ ನಾಸಿರಿ ಬಿದ್ದರು. ಒಳಗೋ, ಹೊರಗೋ? ಒಳಗೆ ಅಂದರು ರೆಫರಿ. 2–2. ಕೊನೆಗೆ ಶೂಟ್‌ಔಟ್‌ನಲ್ಲಿ ಬಗಾನ್ 4–3. ಬೆಂಗಳೂರು ತಂಡದ ಒಡೆಯ ಪಾರ್ಥ್ ಜಿಂದಾಲ್ ಆ ರಾತ್ರಿಯೇ, ಇಂಥ ತೀರ್ಪುಗಳು ದೊಡ್ಡ ಪಂದ್ಯಗಳನ್ನು ಕೆಡಿಸುತ್ತಿವೆ, ಲೀಗಿಗೆ ವಿಎಆರ್ ತನ್ನಿ ಎಂದು ಬರೆದರು. ಹದಿನೈದು ದಿನ ಮೊದಲು ಕೇರಳದವರು ಇದನ್ನೇ ಹೇಳುತ್ತಿದ್ದಾಗ ನಾವು ಬೆಂಗಳೂರಿನ ಕಡೆಯವರು ಸೋತವರ ಗೋಳು ಎಂದು ನಕ್ಕಿದ್ದೆವು. ಕಾಕಾ ಇದನ್ನು ಮರೆಯಲು ಬಿಡುವುದಿಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಫತೋರ್ಡಾದ ಪ್ರಶ್ನೆ 'ಎಲ್ಲಿ' ಎಂಬುದರದ್ದು, ಸರ್ವೆಯವನ ಪ್ರಶ್ನೆ.

ಇನ್ನು ಕೈಯ ವಿಷಯ.

ಪೆನಾಲ್ಟಿ ಎಂಬ ಶಿಕ್ಷೆ ಹುಟ್ಟಿದ್ದು ಐರ್ಲೆಂಡಿನ ಆರ್ಮಾ ಜಿಲ್ಲೆಯ ಮಿಲ್ಫರ್ಡ್ ಎಂಬ ಸಣ್ಣ ಊರಿನ ಗೋಲಿ ವಿಲಿಯಂ ಮೆಕ್ರಮ್ ತಲೆಯಲ್ಲಿ. ಗೋಲು ಆಗಿಯೇ ಬಿಡುತ್ತದೆ ಅನ್ನುವಾಗ ಬೇಕೆಂದೇ ಕಾಲು ಕೊಟ್ಟು ಬೀಳಿಸುವುದು ಆಗ ಮಾಮೂಲು. 1890ರಲ್ಲಿ ಆತ ಮುಂದಿಟ್ಟ ಸಲಹೆ ಮರುವರ್ಷ ಜೂನ್ 2ರಂದು ನಿಯಮವಾಯಿತು. ಇಂಗ್ಲೆಂಡಿನ ಸಭ್ಯಸ್ಥರಿಗೆ ಇದು ಸಹಿಸಲಿಲ್ಲ. ಮರ್ಯಾದಸ್ಥ ಆಟಗಾರ ಬೇಕೆಂದೇ ಮೋಸ ಮಾಡುತ್ತಾನೆ ಎಂದು ಊಹಿಸುವುದೇ ಅವಮಾನ ಎಂಬುದು ಸಿ.ಬಿ. ಫ್ರೈ ಅಂಥವರ ತಕರಾರು. ಅವರ ಜಂಬ ನಗೆ ತರಿಸಬಹುದು, ಆದರೆ ಅವರು ಒಂದು ವಿಷಯ ಸರಿಯಾಗಿ ಹಿಡಿದಿದ್ದರು. ಪೆನಾಲ್ಟಿ ಮೊದಲಿನಿಂದಲೂ ಮನಸ್ಸಿನ ಮೇಲಿನ ಆರೋಪ. ಮನಸ್ಸನ್ನು ಯಾವ ಕೋನದಿಂದ ಚಿತ್ರ ತೆಗೆಯುವುದು?

ಈಗಿನ ನಿಯಮ ಪುಸ್ತಕವನ್ನು ಸಾಹಿತ್ಯ ಓದುವ ಕಣ್ಣಿನಿಂದ ಓದಿದರೆ ಅದರ ಒದ್ದಾಟ ಗೊತ್ತಾಗುತ್ತದೆ. ಬೇಕೆಂದೇ ಕೈ ತಾಗಿಸಿದರೆ ತಪ್ಪು ಎನ್ನುತ್ತದೆ. ಅಷ್ಟಕ್ಕೆ ನಿಲ್ಲದೆ, ಕೈಯಿಂದಾಗಿ ದೇಹ 'ಅಸಹಜವಾಗಿ ದೊಡ್ಡದಾದರೆ' ಕೂಡ ತಪ್ಪು ಎನ್ನುತ್ತದೆ. ಸಹಜವಾದ ಕೈ ಯಾವುದು? ಮೆಣಸು ಕೊಯ್ಯಲು ಏಣಿ ಹತ್ತಿದವನ ಕೈ ಎಲ್ಲಿರುತ್ತದೆ, ಜಾರಿದಾಗ ಎಲ್ಲಿಗೆ ಹೋಗುತ್ತದೆ? ಹಾರುವವನು ಕೈಯನ್ನು ಕಿಸೆಯಲ್ಲಿಟ್ಟು ಹಾರುವುದಿಲ್ಲ. 2019ರಲ್ಲಿ ಈ ನಿಯಮ ತಿದ್ದಿದರು, 2021ರಲ್ಲಿ ತಿದ್ದುಪಡಿಯನ್ನೇ ತಿದ್ದಿ, ಕೈಗೆ ತಾಗಿದ್ದೆಲ್ಲ ತಪ್ಪಲ್ಲ ಎಂದು ಮತ್ತೊಮ್ಮೆ ಹೇಳಬೇಕಾಯಿತು. ಒಂದು ವಾಕ್ಯವನ್ನು ಇಷ್ಟು ಸಲ ತಿದ್ದುತ್ತಾರೆಂದರೆ ತೊಂದರೆ ಭಾಷೆಯದ್ದಲ್ಲ. ಅಳೆಯಲಾಗದ್ದನ್ನು ಅಳತೆಯ ಮಾತಿನಲ್ಲಿ ಹೇಳಲು ಹೊರಟಿದ್ದಾರೆ. ಕ್ಯಾಮೆರಾ ಬಂದ ಮೇಲೆ ಈ ಹಟ ಹೆಚ್ಚಾಯಿತು. ಬೆರಳ ತುದಿಗೆ ತಾಗಿದ್ದೂ ಕಾಣುತ್ತದೆ, ಕಂಡ ಮೇಲೆ ಸುಮ್ಮನಿರುವುದು ಕಷ್ಟ. 2014ರ ವಿಶ್ವಕಪ್ಪಿನಲ್ಲಿ 13 ಪೆನಾಲ್ಟಿ. ವಿಎಆರ್ ಬಂದ ಮೊದಲ ವಿಶ್ವಕಪ್, 2018ರದ್ದು, ಅಲ್ಲಿ 29.

ಆ 29ರಲ್ಲಿ ಒಂದು ಫೈನಲ್‌ನಲ್ಲಿ ಬಂತು. ಫ್ರಾನ್ಸ್–ಕ್ರೊಯೇಷಿಯಾ 1–1. ಕಾರ್ನರ್ ಕಿಕ್‌ನಿಂದ ಬಂದ ಚೆಂಡು ಪೆರಿಶಿಚ್ ಕೈಗೆ ತಾಗಿತು. ಅರ್ಜೆಂಟೀನಾದ ರೆಫರಿ ನೆಸ್ಟರ್ ಪಿಟಾನಾ ಮೊದಲು ಏನೂ ಕೊಡಲಿಲ್ಲ. ಕೋಣೆಯಿಂದ ಕರೆ ಬಂತು. ಮೈದಾನದ ಬದಿಯ ಪರದೆಯ ಹತ್ತಿರ ಹೋಗಿ ನೋಡಿದರು, ಹೊರಟರು, ಮತ್ತೆ ತಿರುಗಿ ಬಂದು ನೋಡಿದರು. ಆಮೇಲೆ ಪೆನಾಲ್ಟಿ ಕೊಟ್ಟರು. ವಿಎಆರ್ ತಲೆ ಹಾಕಬೇಕಾದದ್ದು ತಪ್ಪು ಸ್ಪಷ್ಟವಾಗಿದ್ದರೆ, ಎದ್ದು ಕಾಣುವಂತಿದ್ದರೆ ಮಾತ್ರ. ಎದ್ದು ಕಾಣುವುದನ್ನು ಯಾರೂ ಎರಡು ಸಲ ತಿರುಗಿ ನೋಡುವುದಿಲ್ಲ. ಪಿಟಾನಾ ತಿರುಗಿ ಬಂದ ಆ ನಾಲ್ಕು ಹೆಜ್ಜೆಯಲ್ಲೇ ನಿಯಮ ಮುರಿದುಬಿದ್ದಿತ್ತು. ಗ್ರೀಜ್‌ಮನ್ ಗೋಲು ಹೊಡೆದರು, ಫ್ರಾನ್ಸ್ ಕೊನೆಗೆ 4–2ರಿಂದ ಗೆದ್ದಿತು. ಆ ಪೆನಾಲ್ಟಿ ಇಲ್ಲದಿದ್ದರೂ ಗೆಲ್ಲುತ್ತಿತ್ತೇನೋ, ಆ ಮಾತು ಬೇರೆ.

ನಿಧಾನಗತಿಯ ಚಿತ್ರದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಯಾವ ಕೆಲಸವನ್ನೂ ಹತ್ತು ಪಟ್ಟು ನಿಧಾನವಾಗಿ ತೋರಿಸಿದರೆ ಅದು ಯೋಚಿಸಿ ಮಾಡಿದ್ದರಂತೆ ಕಾಣುತ್ತದೆ. ಕಣ್ಣು ಮಿಟುಕಿಸಿದ್ದು ಸನ್ನೆಯಾಗುತ್ತದೆ. 2016ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಒಂದೇ ಘಟನೆಯನ್ನು ನಿಧಾನವಾಗಿ ನೋಡಿದವರು, ಮಾಮೂಲು ವೇಗದಲ್ಲಿ ನೋಡಿದವರಿಗಿಂತ ಹೆಚ್ಚಾಗಿ ಅದು ಬೇಕೆಂದೇ ಮಾಡಿದ್ದು ಎಂದು ಭಾವಿಸಿದರು. ವಿಎಆರ್‌ನ ಕಟ್ಟಳೆಗೂ ಇದು ಗೊತ್ತಿದೆ. ಎಲ್ಲಿ ತಾಗಿತು ಎಂದು ನೋಡಲು ನಿಧಾನಗತಿ, ಎಷ್ಟು ಜೋರು ಎಂದು ನೋಡಲು ಮಾಮೂಲು ವೇಗ ಎಂದು ಅದರಲ್ಲೇ ಬರೆದಿದೆ. ಆದರೆ ಒಮ್ಮೆ ನಿಧಾನವಾಗಿ ನೋಡಿದ್ದನ್ನು ಕಣ್ಣಿನಿಂದ ಒರೆಸಿ ಹಾಕುವುದು ಹೇಗೆ ಎಂದು ಬರೆದಿಲ್ಲ.

2024ರ ಯೂರೋ ಕಪ್ಪಿನಲ್ಲಿ ಈ ಅಳತೆಯ ಹುಚ್ಚು ತುದಿಗೆ ಮುಟ್ಟಿತು. ಜೂನ್ 29, ಡಾರ್ಟ್‌ಮುಂಡ್, ಜರ್ಮನಿ–ಡೆನ್ಮಾರ್ಕ್. ಡೆನ್ಮಾರ್ಕಿನ ಆಂಡರ್ಸನ್ ಗೋಲು ಹೊಡೆದರು. ಅವರ ತಂಡದವನೊಬ್ಬನ ಕಾಲ್ಬೆರಳು ಆಫ್‌ಸೈಡ್ ಇತ್ತೆಂದು ಗೋಲು ರದ್ದಾಯಿತು. ಒಂದೆರಡು ನಿಮಿಷದಲ್ಲೇ ಇತ್ತ ಕಡೆ ಚೆಂಡು ಅದೇ ಆಂಡರ್ಸನ್ ಕೈಗೆ ತಾಗಿತು. ಚೆಂಡಿನ ಒಳಗಿದ್ದ ಚಿಪ್ ಆ ಸ್ಪರ್ಶವನ್ನು ಹಿಡಿಯಿತು, ಟೀವಿಯಲ್ಲಿ ಇಸಿಜಿಯಂಥ ಗೆರೆ ಎದ್ದು ಬಿತ್ತು. ಪೆನಾಲ್ಟಿ. ಹಾವರ್ಟ್ಜ್ ಗೋಲು. ಡೆನ್ಮಾರ್ಕ್ ಮನೆಗೆ. ಆರು ದಿನ ಬಿಟ್ಟು ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನಿಗೆ ಸ್ಪೇನ್ ಎದುರಾಯಿತು. ಹೆಚ್ಚುವರಿ ಆಟದಲ್ಲಿ ಮುಸಿಯಾಲಾ ಜೋರಾಗಿ ಹೊಡೆದ ಚೆಂಡು ಕುಕುರೆಯಾ ಕೈಗೆ ಬಡಿಯಿತು. ಗೋಲಿನ ಕಡೆಗೇ ಹೋಗುತ್ತಿದ್ದ ಚೆಂಡು. ರೆಫರಿ ಆಂಥನಿ ಟೇಲರ್ ಆಟ ಮುಂದುವರಿಸಿ ಅಂದರು, ಕೋಣೆಯೂ ಸುಮ್ಮನಿತ್ತು. ಸ್ಪೇನ್ 2–1. ಒಂದೇ ಟೂರ್ನಿ, ಒಂದೇ ನಿಯಮ, ಅದೇ ಯಂತ್ರಗಳು. ಒಂದು ಕೈಗೆ ಶಿಕ್ಷೆ, ಒಂದು ಕೈಗೆ ಇಲ್ಲ. ತಾಗಿದ್ದು ಚಿಪ್‌ಗೆ ಗೊತ್ತು. ತಾಗಿದ್ದು ತಪ್ಪೇ ಎಂಬುದು ಚಿಪ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇಲ್ಲಿ ಇನ್ನೊಂದು ಕಳೆದುಹೋಗಿದೆ. ಮೊದಲು ತಪ್ಪಿಗೆ ಒಂದು ಮುಖ ಇರುತ್ತಿತ್ತು. 1986ರ ಜೂನ್ 22ರಂದು ಮೆಕ್ಸಿಕೋದ ಅಜ್ಟೆಕಾದಲ್ಲಿ ಮರಡೋನಾ ಕೈಯಿಂದ ಗೋಲು ಹಾಕಿದ್ದನ್ನು ಕಾಣದೆ ಹೋದದ್ದು ಟುನೀಸಿಯಾದ ಅಲಿ ಬೆನ್ನಾಸೂರ್. ಲೈನ್ಸ್‌ಮನ್ ಆಗಿದ್ದ ಬಲ್ಗೇರಿಯಾದ ಬೊಗ್ದಾನ್ ದೋಚೆವ್ ಸನ್ನೆಗೆ ತಾನು ಕಾದಿದ್ದೆ ಎಂದು ಅವರು ಬದುಕಿಡೀ ಹೇಳಿಕೊಂಡು ಬಂದರು. ದೋಚೆವ್ ತಪ್ಪನ್ನು ಅವರ ಕಡೆ ತಿರುಗಿಸಿದರು. 2015ರಲ್ಲಿ ಮರಡೋನಾ ಟುನೀಸಿಯಾಗೆ ಹೋಗಿ ಬೆನ್ನಾಸೂರ್ ಮನೆಯಲ್ಲಿ ಕೂತು ಅಂಗಿಯೊಂದಕ್ಕೆ ಸಹಿ ಹಾಕಿ ಕೊಟ್ಟರು. ಮೋಸ ಮಾಡಿದವನು, ಮೋಸ ಹೋದವನು ಒಂದೇ ಸೋಫಾದಲ್ಲಿ. 2018ರಲ್ಲಿ ರಷ್ಯಾದ ಹನ್ನೆರಡು ಕ್ರೀಡಾಂಗಣಗಳಿಗೂ ಸೇರಿ ಮಾಸ್ಕೋದಲ್ಲಿ ಒಂದು ಕೋಣೆ ಇತ್ತು. ಅಲ್ಲಿಂದ ಬಂದ ತೀರ್ಪಿನ ಮನೆಬಾಗಿಲಿಗೆ ಮೂವತ್ತು ವರ್ಷ ಕಳೆದು ಯಾರು ಹೋಗುತ್ತಾರೆ? ಹಾಗಂತ ಕೋಣೆಯೊಳಗಿರುವವರು ಯಂತ್ರಗಳೂ ಅಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲನ್ನು ಮೈದಾನದಲ್ಲಿ ಆಫ್‌ಸೈಡ್ ಎಂದಿದ್ದರು. ಕೋಣೆಯವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದು, ಪರೀಕ್ಷೆ ಮುಗಿಯಿತು ಎಂದು ಹೇಳಿ ಕೂತರು. ಗೆರೆ ಸರಿಯಾಗೇ ಎಳೆದಿದ್ದರು. ತಿಳಿಸಿದ್ದು ತಪ್ಪಾಯಿತು. ಆಮೇಲೆ ಬಿಡುಗಡೆಯಾದ ಧ್ವನಿಮುದ್ರಣದಲ್ಲಿ ತಪ್ಪು ಗೊತ್ತಾದ ಕ್ಷಣದ ಗಾಬರಿ ಕೇಳಿಸುತ್ತದೆ. ನನಗೆ ವಿಎಆರ್ ಮೇಲೆ ಸ್ವಲ್ಪ ಪ್ರೀತಿ ಬಂದದ್ದು ಅದನ್ನು ಕೇಳಿದ ಮೇಲೆ.

ಕ್ರಿಕೆಟ್ ನೋಡುವ ನಮಗೆ ಇದೆಲ್ಲ ಹೊಸದಲ್ಲ. 2008ರಲ್ಲಿ ಶ್ರೀಲಂಕಾದಲ್ಲಿ ಡಿಆರ್‌ಎಸ್‌ನ ಮೊದಲ ಪ್ರಯೋಗ ನಡೆದಾಗ ಭಾರತದ ನಾಯಕ ನಮ್ಮ ಅನಿಲ್ ಕುಂಬ್ಳೆ. ಭಾರತಕ್ಕೆ ಅದು ಒಗ್ಗಲಿಲ್ಲ, ವರ್ಷಗಟ್ಟಲೆ ಬೇಡ ಎಂದಿತು. 2016ರಲ್ಲಿ ಇಂಗ್ಲೆಂಡ್ ಸರಣಿಗೆ ಒಪ್ಪಿಕೊಂಡಾಗ ಅದೇ ಕುಂಬ್ಳೆ ಕೋಚ್ ಆಗಿದ್ದರು. ಕ್ರಿಕೆಟ್ ಒಂದು ಜಾಣತನ ಮಾಡಿತು. ಚೆಂಡಿನ ದಾರಿ ವಿಕೆಟ್ಟಿನ ಅಂಚಿಗಷ್ಟೇ ಸವರಿದರೆ ಅಂಪೈರ್ ಹೇಳಿದ್ದೇ ಸರಿ ಎಂದು, ಅನುಮಾನಕ್ಕೂ ಒಂದು ಅಳತೆ ಇಟ್ಟಿತು. ಎಷ್ಟು ಸಲ ಕೇಳಬಹುದು ಎಂಬುದಕ್ಕೂ ಲೆಕ್ಕ ಇಟ್ಟಿತು. ಕೇಳುವವನು ಆಟಗಾರ, ಕೇಳಿ ತಪ್ಪಿದರೆ ಕಳೆದುಕೊಳ್ಳುವವನೂ ಅವನೇ.

ಫುಟ್‌ಬಾಲ್ ಈಗ ಅದೇ ದಾರಿಯನ್ನು ಹಿಂದಿನ ಬಾಗಿಲಿನಿಂದ ಹಿಡಿಯುತ್ತಿದೆ. 2024ರ ಕಿರಿಯ ಮಹಿಳೆಯರ ವಿಶ್ವಕಪ್ಪುಗಳಲ್ಲಿ 'ಫುಟ್‌ಬಾಲ್ ವೀಡಿಯೋ ಸಪೋರ್ಟ್' ಎಂಬುದನ್ನು ಪ್ರಯೋಗಿಸಿದರು. ಬೇರೆ ಕೋಣೆ ಇಲ್ಲ, ಅಲ್ಲಿ ಕೂರುವ ರೆಫರಿಗಳಿಲ್ಲ. ಕೆಲವೇ ಕ್ಯಾಮೆರಾ ಸಾಕು. ಪಂದ್ಯಕ್ಕೆ ಎರಡು ಸಲ ಕೋಚ್ ಕಾರ್ಡು ಕೊಟ್ಟು ಕೇಳಬಹುದು. ರೆಫರಿಯೇ ಪರದೆಯ ಹತ್ತಿರ ಹೋಗಿ ನೋಡಿ ತಾನೇ ನಿರ್ಧರಿಸಬೇಕು. ಬಡ ದೇಶಗಳಿಗೆ ಇದು ಸಾಕು ಎಂಬ ಧಾಟಿಯಲ್ಲಿ ಇದರ ಬಗ್ಗೆ ಮಾತಾಡುತ್ತಾರೆ. ನನಗಂತೂ ಶ್ರೀಮಂತರ ವ್ಯವಸ್ಥೆಗಿಂತ ಇದೇ ಮೇಲು. ಇಂಥದ್ದೊಂದು ಜಾಸಿಮ್ ಬಿನ್ ಹಮದ್‌ನಲ್ಲಿ ಇದ್ದಿದ್ದರೆ ಸ್ಟಿಮಾಚ್ ಕಾರ್ಡು ಎತ್ತುತ್ತಿದ್ದರು, ಕಿಮ್ ವೂ ಸಂಗ್ ಒಂದು ಸಲ ನೋಡಿ ಗೋಲು ರದ್ದು ಮಾಡುತ್ತಿದ್ದರು, ಹೆಚ್ಚೆಂದರೆ ಒಂದು ನಿಮಿಷ. ಭಾರತ ಆಗಲೂ ಸೋಲುತ್ತಿತ್ತೋ ಏನೋ. ಸೋತಿದ್ದರೆ ತನ್ನ ಸೋಲನ್ನು ತಾನೇ ಸೋಲುತ್ತಿತ್ತು.

ನಮ್ಮಲ್ಲಿ ಇದು ಬರುವುದು ಯಾವಾಗ? 2023ರಲ್ಲೇ ಎಐಎಫ್‌ಎಫ್ ಅಧ್ಯಕ್ಷ ಕಲ್ಯಾಣ್ ಚೌಬೆ ಕಡಿಮೆ ಖರ್ಚಿನ 'ವಿಎಆರ್ ಲೈಟ್' ಬಗ್ಗೆ ಮಾತಾಡಿದ್ದರು. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಬೆಂಗಳೂರು ಮತ್ತೆ 'ಬಗಾನ್' ವಿರುದ್ಧವೇ ಫೈನಲ್ ಆಡಿತು, ಮತ್ತೆ ಒಂದು ಗೋಲಿನ ಮುನ್ನಡೆ, ಮತ್ತೆ ಒಂದು ಪೆನಾಲ್ಟಿ. ಚಿಂಗ್ಲೆನ್ಸಾನಾ ಸಿಂಗ್ ಕೈಗೆ ಚೆಂಡು ತಾಗಿತ್ತು, ಕಮಿಂಗ್ಸ್ ಹೊಡೆದರು. ಹೆಚ್ಚುವರಿ ಆಟದಲ್ಲಿ 2–1ರಿಂದ ಬಗಾನ್ ಗೆದ್ದಿತು. ವಿಎಆರ್ ಆಗಲೂ ಇರಲಿಲ್ಲ.

ಆ ಪಂದ್ಯದ ಮಾರನೆಯ ವಾರ ಸಕಲೇಶಪುರಕ್ಕೆ ಹೋಗಿದ್ದೆ. ಕಾಕಾ ಟೀ ಇಟ್ಟು, ಪಕ್ಕದ ಸ್ಟೂಲಿನಲ್ಲಿ ಕೂತು ಮೊಬೈಲ್ ತೆಗೆದರು. ಚಿಂಗ್ಲೆನ್ಸಾನಾ ಕೈ ತೋರಿಸುತ್ತಾರೆ ಅಂದುಕೊಂಡೆ. ತೋರಿಸಿದ್ದು 2023ರ ಕಂಠೀರವದ್ದು, ಗ್ಯಾಲರಿಯಿಂದ ಯಾರೋ ತೆಗೆದ ಚಿತ್ರ. ಎರಡು ವರ್ಷದಿಂದ ಅಳಿಸಿಲ್ಲ. "ಈಗ ಕಿವಿ ಕೊಟ್ಟು ಕೇಳಿ ಸಾರ್, ಸೀಟಿ ಇದ್ಯಾ?" ಅಂದರು. ಪರದೆಯಲ್ಲಿ ಛೆಟ್ರಿ ಬೆರಳಷ್ಟು ಇದ್ದರು. ಮೊಬೈಲನ್ನು ಕಿವಿಗೆ ಹಿಡಿದೆ. ಇಪ್ಪತ್ತು ಸಾವಿರ ಜನರ ಗಲಾಟೆಯಂಥದ್ದು, ಅದರ ಮೇಲೆ ಅಂಗಡಿಯ ಎದುರು ಘಾಟಿಗೆ ಇಳಿಯುತ್ತಿದ್ದ ಲಾರಿಯ ಹಾರ್ನು. ಇನ್ನೊಂದು ಸಲ ಹಾಕಿ ಅಂದೆ.